ಬ್ರೇಕ್ ಹಿಡಿದ್ರೆ ಸ್ಟೀರಿಂಗ್ ನಡುಗುತ್ತೆ, ರಿವರ್ಸ್ ಹಾಕಿದ್ರೆ ಕರಕರ ಅನ್ನುತ್ತೆ: ಹಳೇ ಕಾರು, ಎಲ್ಲಿಂದ ಶುರು ಮಾಡ್ಲಿ?

ಹಳೇ ಗಾಡಿ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನಮ್ಮಪ್ಪನ ಕಾಲದ ಚಿಕ್ಕ ಪೆಟ್ರೋಲ್ ಕಾರು, 17 ವರ್ಷ ಆಯ್ತು, 1,32,000 ಕಿ.ಮೀ. ಓಡಿದೆ. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್, ಐದು ಗೇರು, ಕ್ಲಚ್ ಕೇಬಲ್‌ದು. ನಾನು ಡ್ರೈವಿಂಗ್ ಕಲಿತಿದ್ದೇ ಇದ್ರಲ್ಲಿ, ಅಪ್ಪ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದು, ಹಾಗಾಗಿ ಮಾರಿಬಿಡು ಅಂತ ಮಾತ್ರ ಹೇಳ್ಬೇಡಿ.

ತೊಂದ್ರೆ ಎರಡು. ಒಂದು, 90ರ ಸ್ಪೀಡಲ್ಲಿ ಬ್ರೇಕ್ ಮೇಲೆ ಕಾಲಿಟ್ರೆ ಸ್ಟೀರಿಂಗ್ ಎಡಕ್ಕೂ ಬಲಕ್ಕೂ ಗಡಗಡ ಅಂತ ಆಡುತ್ತೆ, 60ಕ್ಕೆ ಇಳಿಯೋ ಅಷ್ಟರಲ್ಲಿ ನಿಂತುಹೋಗುತ್ತೆ, ಊರೊಳಗೆ ಓಡಿಸುವಾಗ ಏನೂ ಗೊತ್ತಾಗಲ್ಲ. ಏಳು ತಿಂಗಳ ಹಿಂದೆ ಮುಂದಿನ ಎರಡೂ ಡಿಸ್ಕು, ಪ್ಯಾಡು ಹೊಸದು ಹಾಕ್ಸಿದೀನಿ. ಮೊದಲ ಮೂರು ನಾಲ್ಕು ಸಾವಿರ ಕಿ.ಮೀ. ಬೆಣ್ಣೆ ತರ ಇತ್ತು, ಆಮೇಲೆ ಮೆಲ್ಲಗೆ ಶುರುವಾಗಿ ಈಗ ಜಾಸ್ತಿ ಆಗಿದೆ. ಎರಡು, ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ನಿಂತು ನಿಂತು ಹೋದ್ಮೇಲೆ ಫಸ್ಟ್ ಗೇರ್ ಒಳಗೆ ಹೋಗೋದೇ ಇಲ್ಲ, ತಳ್ಳಿ ತಳ್ಳಿ ಹಾಕ್ಬೇಕು, ರಿವರ್ಸ್ ಅಂತೂ ಹಲ್ಲು ಕಡಿದಂಗೆ ಸದ್ದು ಮಾಡುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ಸರಿಯಾಗೇ ಇರುತ್ತೆ.

ಎರಡು ಗ್ಯಾರೇಜ್‌ಗೆ ತೋರಿಸಿದೆ. ಒಬ್ರು ಡಿಸ್ಕ್ ಬೆಂಡ್ ಆಗಿದೆ ಮತ್ತೆ ಹೊಸದು ಹಾಕಿ ಅಂದ್ರು, ಇನ್ನೊಬ್ರು ಗೇರ್‌ಬಾಕ್ಸ್ ಇಳಿಸ್ಬೇಕು ಅಂದ್ರು. ಇಬ್ರೂ ಒಂದು ರೌಂಡ್ ಓಡಿಸಿ ಹೇಳಿದ್ದು ಅಷ್ಟೆ, ಯಾರೂ ಚಕ್ರ ಬಿಚ್ಚಿ ನೋಡ್ಲಿಲ್ಲ. ಎರಡೂ ತೊಂದ್ರೆಗೆ ಒಂದೇ ಕಾರಣ ಇರಬಹುದಾ? ಎಂಜಿನ್ ಮೌಂಟ್, ಅಂದ್ರೆ ಎಂಜಿನ್ ಕೂರೋ ರಬ್ಬರ್ ಹೋಗಿರ್ಬೇಕು ಅಂತಾನೂ ಯಾರೋ ಅಂದ್ರು.

ಗ್ಯಾರೇಜ್ ಕೈ:
ತಮ್ಮಾ, ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಇದೇ ಕೆಲಸದಲ್ಲಿದೀನಿ. ಮೊದಲು ಎರಡನ್ನೂ ಬೇರೆ ಬೇರೆ ಮಾಡ್ಕೋ, ಒಂದೇ ಗಂಟು ಅಂದ್ಕೊಂಡ್ರೆ ಯಾವುದೂ ಬಿಚ್ಚಲ್ಲ. ಮೌಂಟ್ ಹರಿದಿದ್ರೆ ಬ್ರೇಕ್ ಹಿಡಿದಾಗ ಎಂಜಿನ್ ಮುಂದಕ್ಕೆ ಬಂದು ಒಂದು ಸಲ ಧಡ್ ಅನ್ನುತ್ತೆ, ಹೀಗೆ ಒಂದೇ ಸಮ ನಡುಗಲ್ಲ. ಬಾನೆಟ್ ಎತ್ತಿ ಒಬ್ರನ್ನ ಒಳಗೆ ಕೂರಿಸಿ, ಫುಟ್ ಬ್ರೇಕ್ ಗಟ್ಟಿಯಾಗಿ ಹಿಡಿದು ಫಸ್ಟಲ್ಲಿ ಒಂದ್ಸಲ ರಿವರ್ಸಲ್ಲಿ ಒಂದ್ಸಲ ಕ್ಲಚ್ ಸ್ವಲ್ಪ ಬಿಡೋಕೆ ಹೇಳು, ನೀನು ಮುಂದೆ ನಿಲ್ಲದೆ ಪಕ್ಕದಲ್ಲಿ ನಿಂತು ನೋಡು. ಎಂಜಿನ್ ತುಂಬಾ ಎಗರಿದ್ರೆ ಮೌಂಟ್ ಹೋಗಿದೆ, ಇಲ್ಲಾಂದ್ರೆ ಅದನ್ನ ಮರೆತುಬಿಡು.

ಬ್ರೇಕ್ ವಿಷಯಕ್ಕೆ ಈ ನಾಲ್ಕು ಹೇಳು. ಬ್ರೇಕ್ ಮುಟ್ಟದೆ 90ರಲ್ಲಿ ಹೋದ್ರೆ ನಡುಗುತ್ತಾ? ನಡುಗಿದ್ರೆ ಅದು ವೀಲ್ ಬ್ಯಾಲೆನ್ಸ್ ಅಥವಾ ಟೈರು. ಬ್ರೇಕ್ ಹಿಡಿದಾಗ ನಡುಕ ಕೈಗೆ ಬರುತ್ತಾ, ಸೀಟಿಗೆ ಬರುತ್ತಾ? ಕೈಗೆ ಬಂದ್ರೆ ಮುಂದಿನ ಚಕ್ರ, ಸೀಟು ಮತ್ತೆ ಪೆಡಲ್‌ಗೆ ಬಂದು ಸ್ಟೀರಿಂಗ್ ಸುಮ್ನಿದ್ರೆ ಹಿಂದಿನ ಡ್ರಮ್ ಕಡೆ ಅನುಮಾನ. ಮೂರನೇದು, ಖಾಲಿ ನೇರ ರಸ್ತೆ, ಒಣಗಿರ್ಬೇಕು, ಹಿಂದೆ ಮುಂದೆ ಯಾರೂ ಇರಬಾರ್ದು, 40ರಲ್ಲಿ ಹ್ಯಾಂಡ್‌ಬ್ರೇಕ್ ಬಟನ್ ಒತ್ತಿ ಹಿಡ್ಕೊಂಡೇ ಮೆಲ್ಲಗೆ ಎಳಿ, ಹ್ಯಾಂಡ್‌ಬ್ರೇಕ್ ಹಿಂದಿನ ಡ್ರಮ್ ಮಾತ್ರ ಹಿಡಿಯುತ್ತೆ, ಬಾಡಿ ಕುಣಿದ್ರೆ ಡ್ರಮ್ ಗುಂಡಗಿಲ್ಲ ಅಂತ. ಎಗರಿಸಿ ಎಳೀಬೇಡ ಮತ್ತೆ. ನಾಲ್ಕನೇದು, ಓಡಿಸಿ ಬಂದ್ಮೇಲೆ ನಾಲ್ಕೂ ಚಕ್ರದ ಹತ್ರ ಕೈ ಹಿಡಿದು ನೋಡು, ಮುಟ್ಟಬೇಡ, ಒಂದು ಕಡೆ ಮಾತ್ರ ಜಾಸ್ತಿ ಬಿಸಿ ಇದ್ರೆ ಪ್ಯಾಡ್ ಒತ್ತೋ ಕ್ಯಾಲಿಪರ್ ಬಿಡದೆ ಹಿಡ್ಕೊಂಡಿದೆ.

ಗೇರಿಗೆ ಮೊದಲನೇ ಪರೀಕ್ಷೆ ಒಂದೇ. ಸಮಸ್ಯೆ ಬಂದಾಗ, ಅಂದ್ರೆ ಬಿಸಿ ಇದ್ದಾಗಲೇ, ಎಂಜಿನ್ ಆಫ್ ಮಾಡಿ ಎಲ್ಲಾ ಗೇರು ಹಾಕಿ ನೋಡು. ಆಫ್ ಇದ್ದಾಗ ನೀರು ಕುಡಿದಷ್ಟು ಸಲೀಸಾಗಿ ಬಿದ್ದು, ಸ್ಟಾರ್ಟ್ ಇದ್ದಾಗ ಮಾತ್ರ ಬೀಳಲ್ಲ ಅಂದ್ರೆ ಗೇರ್‌ಬಾಕ್ಸ್‌ನ ಯಾಕೆ ಬೈಬೇಕು, ಪೆಡಲ್ ಒತ್ತಿದ್ರೂ ಕ್ಲಚ್ಚು ಎಂಜಿನ್ನಿಂದ ಗೇರ್‌ಬಾಕ್ಸ್‌ನ ಪೂರ್ತಿ ಬಿಡಿಸ್ತಿಲ್ಲ. ಆಫ್ ಇದ್ದಾಗ್ಲೂ ಗಟ್ಟಿ ಅಂದ್ರೆ ಲಿವರ್ ಕೆಳಗಿನ ಲಿಂಕೇಜು, ಬುಷ್, ಸೆಲೆಕ್ಟರ್ ಕೇಬಲ್, ಅವೆಲ್ಲ ಸರಿ ಇದ್ರೆ ಆಮೇಲೆ ಬಾಕ್ಸ್ ಒಳಗೆ.

ಪಾನಾ:
ಗ್ಯಾರೇಜ್ ಕೈ ಅಣ್ಣ ಹೇಳಿದ್ರಲ್ಲಿ ಒಂದು ಸೇರಿಸ್ತೀನಿ. ಲೋವರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಅಂದ್ರೆ ಮುಂದಿನ ಚಕ್ರಾನ ಬಾಡಿಗೂ ಸ್ಟೀರಿಂಗಿಗೂ ಕೂಡಿಸೋ ಕೀಲುಗಳನ್ನ ನೋಡಿಸಿ. ಅವು ನಡುಕ ಹುಟ್ಸಲ್ಲ ಆದ್ರೆ ಸಣ್ಣ ನಡುಕಾನ ದೊಡ್ಡದು ಮಾಡ್ತವೆ. ನನ್ ಗಾಡೀಲಿ ಹಿಂದಿನ ಬುಷ್ ಹರಿದು ರಬ್ಬರ್ ನೇತಾಡ್ತಿತ್ತು, ಅದು ಬದಲಾಯಿಸಿದ್ಮೇಲೆ ನಡುಕ ಅರ್ಧಕ್ಕರ್ಧ ಇಳೀತು, ಪೂರ್ತಿ ಹೋಗ್ಲಿಲ್ಲ, ಯಾಕಂದ್ರೆ ಮೂಲ ಡಿಸ್ಕಲ್ಲಿತ್ತು.

ಇನ್ನೊಂದು, 90ರಿಂದ 60ರ ಒಳಗೆ ಮಾತ್ರ ಯಾಕೆ ಅಂತ ತುಂಬಾ ಜನ ಕೇಳ್ತಾರೆ. ಚಿಕ್ಕ ಕಾರಿನ ಚಕ್ರದ ಸುತ್ತಳತೆ ಸುಮಾರು 1.8 ಮೀಟರ್, 90ರಲ್ಲಿ ಸೆಕೆಂಡಿಗೆ 14 ಸುತ್ತು ಹತ್ರ, 60ರಲ್ಲಿ 9 ಸುತ್ತು. ಸಸ್ಪೆನ್ಷನ್ನು, ಸ್ಟೀರಿಂಗು ತಾವಾಗೇ ಅಲುಗಾಡೋ ಲಯಾನೂ ಅದೇ ಆಸುಪಾಸಿನಲ್ಲಿರುತ್ತೆ, ಎರಡೂ ಕೂಡಿಕೊಂಡಾಗ ಜೋರಾಗಿ ಕೈಗೆ ಹೊಡೆಯುತ್ತೆ. ಕಮ್ಮಿ ಸ್ಪೀಡಲ್ಲಿ ದೋಷ ಇರಲ್ಲ ಅಂತಲ್ಲ, ಕೈಗೆ ತಿಳಿಯಲ್ಲ ಅಷ್ಟೆ.

ಹಳೇ ಗಾಡಿ:
ಅಣ್ಣಾ, ಎಲ್ಲಾ ಮಾಡ್ದೆ. ಬ್ರೇಕ್ ಇಲ್ದೆ 90, 100ರಲ್ಲೂ ನಡುಕ ಇಲ್ಲ. ಬ್ರೇಕ್ ಹಿಡಿದ್ರೆ ಕೈಗೇ ಬರೋದು, ಪೆಡಲ್‌ಗೂ ಸ್ವಲ್ಪ. ಹ್ಯಾಂಡ್‌ಬ್ರೇಕ್ ಪರೀಕ್ಷೇಲಿ ಏನೂ ಇಲ್ಲ. ಬಿಸಿ ಮುಂದಿನ ಎರಡೂ ಹೆಚ್ಚುಕಮ್ಮಿ ಒಂದೇ ತರ, ಹಿಂದಿನ ಎರಡೂ ಒಂದೇ ತರ, ಒಂದೇ ಕಡೆ ಜಾಸ್ತಿ ಅಂತಿಲ್ಲ. ಮೌಂಟ್ ಗಟ್ಟಿ ಇದೆ. ಗೇರು, ನೀವು ಹೇಳಿದ ಹಾಗೇ ಆಫ್ ಮಾಡಿದ್ರೆ ಐದೂ ಗೇರು, ರಿವರ್ಸ್ ಎಲ್ಲಾ ಒಂದು ಬೆರಳಲ್ಲಿ ಬೀಳುತ್ತೆ. ಸ್ಟಾರ್ಟ್ ಮಾಡಿ ಕ್ಲಚ್ ಒತ್ತಿ ಹತ್ತು ಸೆಕೆಂಡ್ ಕಾದು ರಿವರ್ಸ್ ಹಾಕಿದ್ರೂ ಕರಕರ. ಮೊದಲು ನಾಲ್ಕನೇ ಗೇರ್ ಮುಟ್ಟಿಸಿ ತಕ್ಷಣ ರಿವರ್ಸ್ ಹಾಕಿದ್ರೆ ಮಾತ್ರ ಸದ್ದಿಲ್ದೆ ಬೀಳುತ್ತೆ, ಇದ್ಯಾಕೆ?

ಗ್ಯಾರೇಜ್ ಕೈ:
ನಾಲ್ಕನೇ ಗೇರಿಗೆ ಸಿಂಕ್ರೋ ರಿಂಗ್ ಇರುತ್ತೆ, ಅದು ಬಾಕ್ಸ್ ಒಳಗೆ ತಿರುಗ್ತಿರೋ ಶಾಫ್ಟನ್ನ ಹಿಡಿದು ನಿಲ್ಸುತ್ತೆ, ನಿಂತ ಗಳಿಗೇಲಿ ರಿವರ್ಸ್ ಹಾಕಿದೆ, ಬಿತ್ತು. ಹಳೇ ಗಾಡಿಗಳಲ್ಲಿ ರಿವರ್ಸ್‌ಗೆ ಸಾಮಾನ್ಯವಾಗಿ ಸಿಂಕ್ರೋ ಇರಲ್ಲ, ಹಲ್ಲಿಗೆ ಹಲ್ಲು ನೇರ ಕೂರಬೇಕು. ಕ್ಲಚ್ ಸರಿಯಾಗಿ ಬಿಟ್ರೆ ಆ ಶಾಫ್ಟ್ ಮೂರ್ನಾಲ್ಕು ಸೆಕೆಂಡಲ್ಲಿ ತಾನೇ ನಿಲ್ಬೇಕು. ಹತ್ತು ಸೆಕೆಂಡ್ ಆದ್ರೂ ತಿರುಗ್ತಿದೆ ಅಂದ್ರೆ ಕ್ಲಚ್ ಪ್ಲೇಟ್ ಇನ್ನೂ ಎಳೀತಿದೆ. ಬಾಕ್ಸ್ ಇಳಿಸೋಕೆ ಕೊಡ್ಬೇಡ ಸದ್ಯಕ್ಕೆ, ಮೊದಲು ಕೇಬಲ್, ಪೆಡಲ್, ಫೋರ್ಕ್ (ಕೇಬಲ್ ಎಳೆದಾಗ ಕ್ಲಚ್ ಬಿಡಿಸೋ ಸನ್ನೆ) ಮೂರೂ ನೋಡು. ಅಲ್ಲಿವರೆಗೆ ಒತ್ತಿ ಹಾಕೋದು ಬಿಡು, ಇವತ್ತು ಕ್ಲಚ್ ಕಾಯಿಲೆ, ನಾಳೆ ನಿಜವಾಗ್ಲೂ ಗೇರ್ ಹಲ್ಲು ಹೋಗುತ್ತೆ.

ಈಗ ಬ್ರೇಕ್. ನೀನು ಹೇಳಿದ್ರಲ್ಲಿ ನನಗೆ ಮುಖ್ಯ ಅನ್ಸಿದ್ದು, ಹೊಸ ಡಿಸ್ಕ್ ಹಾಕಿ ಮೂರು ನಾಲ್ಕು ಸಾವಿರ ಕಿ.ಮೀ. ಚೆನ್ನಾಗಿತ್ತು ಅನ್ನೋದು. ಡಿಸ್ಕ್ ಬೆಂಡ್ ಆಗಿದೆ ಅಂತ ಎಲ್ರೂ ಬಾಯಿಪಾಠ ಹೇಳ್ತಾರೆ, ಓಡಾಡೋ ಗಾಡೀಲಿ ಡಿಸ್ಕ್ ನಿಜವಾಗಿ ಬೆಂಡ್ ಆಗೋದು ಅಪರೂಪ. ಡಿಸ್ಕ್ ಕೂರೋ ಹಬ್ (ಚಕ್ರದ ನಡುವಿನ ತಿರುಗೋ ಭಾಗ) ಮುಖದಲ್ಲಿ ತುಕ್ಕೋ ಕೊಳೆಯೋ ಇದ್ರೆ ಡಿಸ್ಕ್ ಒಂದು ಕೂದಲೆಳೆ ಓರೆ ಕೂರುತ್ತೆ. ಹಬ್ ಹತ್ರ ಇರೋ ಓರೆ ಡಿಸ್ಕ್ ಅಂಚಿಗೆ ಬರೋ ಹೊತ್ತಿಗೆ ಸುಮಾರು ಎರಡರಷ್ಟು ಆಗುತ್ತೆ. ಅದು ಅವತ್ತೇ ಗೊತ್ತಾಗಲ್ಲ, ಕ್ಯಾಲಿಪರ್ ಜೊತೆಗೇ ಆಡಿಕೊಂಡು ನುಂಗಿಬಿಡುತ್ತೆ. ಆದ್ರೆ ನೀನು ಬ್ರೇಕ್ ಹಿಡೀದೆ ಸುಮ್ನೆ ಹೋಗುವಾಗಲೂ ಸುತ್ತಿಗೊಂದು ಸಲ ಆ ಉಬ್ಬಿದ ಜಾಗ ಪ್ಯಾಡಿಗೆ ಉಜ್ಜಿ ಉಜ್ಜಿ ಅಲ್ಲಿ ಸವೆದು ತೆಳ್ಳಗಾಗುತ್ತೆ. ಸಾವಿರಾರು ಕಿ.ಮೀ. ಆದ್ಮೇಲೆ ಡಿಸ್ಕ್ ದಪ್ಪ ಒಂದು ಕಡೆ ಹೆಚ್ಚು ಒಂದು ಕಡೆ ಕಮ್ಮಿ, ಆಗ ಬ್ರೇಕ್ ಹಿಡಿತ ಸುತ್ತಿಗೊಂದು ಸಲ ಏರಿಳಿದು ಸ್ಟೀರಿಂಗ್ ಕುಣಿಯುತ್ತೆ. ದಪ್ಪದಲ್ಲಿ 0.02 ಮಿ.ಮೀ. ವ್ಯತ್ಯಾಸ ಬಂದ್ರೂ ಕೈಗೆ ತಿಳಿಯೋ ಗಾಡಿಗಳಿವೆ.

ಅದಕ್ಕೇ ಅಳೀಬೇಕು. ಮೈಕ್ರೋಮೀಟರ್‌ನಲ್ಲಿ ಅಂಚಿಂದ ಒಂದೇ ದೂರದಲ್ಲಿ ಸುತ್ತಲೂ ಎಂಟು ಕಡೆ ದಪ್ಪ ಅಳಿ, ಬರ್ಕೋ. ಡಿಸ್ಕ್ ಮೇಲೆ ಎಲ್ಲಾ ನಟ್ಟು ವಾಷರ್ ಕೊಟ್ಟು ಬಿಗಿದು, ಡಯಲ್ ಗೇಜ್ ಇಟ್ಟು ಕೈಲಿ ತಿರುಗಿಸಿ ಓರೆ ಎಷ್ಟಿದೆ ನೋಡು. ನಿನ್ ಗಾಡಿ ಪುಸ್ತಕದಲ್ಲಿ ಮಿತಿ ಕೊಟ್ಟಿರ್ತಾರೆ, ಸಾಮಾನ್ಯವಾಗಿ 0.05ರಿಂದ 0.10 ಮಿ.ಮೀ. ಒಳಗೆ. ಅದಕ್ಕೂ ಮುಂಚೆ ಚಕ್ರ ಮೇಲೆ ಕೆಳಗೆ ಹಿಡಿದು ಅಲ್ಲಾಡ್ಸಿ ಬೇರಿಂಗ್ ಲೂಸ್ ಇಲ್ಲ ಅಂತ ಖಾತ್ರಿ ಮಾಡ್ಕೋ, ಇಲ್ಲಾಂದ್ರೆ ಗೇಜ್ ಸುಳ್ಳು ಹೇಳುತ್ತೆ.

ಎರಡು ಎಚ್ಚರಿಕೆ ಹೇಳ್ಲೇಬೇಕು. ಬರೀ ಜಾಕಿ ಮೇಲೆ ಕೆಲಸ ಮಾಡ್ಬೇಡ, ಸ್ಟ್ಯಾಂಡ್ ಕೊಡು. ಬ್ರೇಕ್ ಪುಡಿಯನ್ನ ಗಾಳಿ ಹೊಡೆದು ಎಬ್ಬಿಸಬೇಡ, ಹಳೇ ಪ್ಯಾಡು ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು, ಬ್ರೇಕ್ ಕ್ಲೀನರ್ ಹೊಡೆದು ಒದ್ದೆ ಬಟ್ಟೇಲಿ ಒರೆಸು. ಕ್ಯಾಲಿಪರ್ ಬಿಚ್ಚಿದ್ರೆ ಹೋಸ್ ಮೇಲೆ ನೇತುಹಾಕ್ಬೇಡ, ತಂತೀಲಿ ಸ್ಪ್ರಿಂಗಿಗೆ ಕಟ್ಟು. ಎರಡು ಅಂದೆ, ಮೂರಾಯ್ತು, ಮೂರೂ ಬೇಕು.

ಕೆಂಪು ಡಬ್ಬಿ:
ಅಣ್ಣಾರ, ಕ್ಲಚ್ ಬಗ್ಗೆ ನಂದೊಂದು ಕೇಳ್ರಿ, ಇವರಿಗೆ ಉಪಯೋಗ ಆದೀತು. ನಂದೂ ಹಿಂಗ ಇತ್ತು, ಫಸ್ಟ್ ಬೀಳವಲ್ದು, ರಿವರ್ಸ್ ಕಿರಚತಿತ್ತು. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಎಲ್ಲಾ ಹೊಸಾದು ಹಾಕಿದ್ರು. ಮನಿಗೆ ಬಂದು ಮೂರನೇ ದಿನಕ್ಕ ಮತ್ತ ಅದ ಕಥಿ. ಮನಸ್ಸಿಗೆ ಭಾಳ ಬ್ಯಾಸರಾತು. ಕಡೀಕ ನನ್ನ ಮಗನ್ನ ಸೀಟಿನ್ಯಾಗ ಕೂಡ್ರಿಸಿ ಕ್ಲಚ್ ಒತ್ತು ಬಿಡು ಒತ್ತು ಬಿಡು ಅಂತ ಹೇಳಿ, ನಾ ಕೆಳಗ ತಲಿ ಹಾಕಿ ಬ್ಯಾಟರಿ ಹಿಡದು ನೋಡಿದೆ. ಪೆಡಲ್ ಕೂತಿರೋ ಬ್ರಾಕೆಟ್ ಐತಲ್ರಿ, ಅದರ ವೆಲ್ಡಿಂಗ್ ಬಿರುಕು ಬಿಟ್ಟಿತ್ತು, ಒತ್ತಿದಾಗೆಲ್ಲ ಬಿರುಕು ಬಾಯಿ ತೆರೀತಿತ್ತು, ಬಿಟ್ರ ಮುಚ್ಚತಿತ್ತು. ಕಾಲು ಪೂರಾ ಒತ್ತಿದಂಗ ಅನಸ್ತಿತ್ತು, ಖರೇ ನೋಡಿದ್ರ ಅರ್ಧಾ ಇಂಚು ಬ್ರಾಕೆಟ್ ಹಿಂದಕ ಹೋಗಿ ಕೇಬಲ್‌ಗೆ ಎಳತಾನ ಸಿಗತಿರಲಿಲ್ಲ. ಬ್ರಾಕೆಟ್ ಬಿಚ್ಚಿ ವೆಲ್ಡ್ ಹೊಡಿಸಿ ಪಟ್ಟಿ ಕೊಡಿಸಿದೆ, ಅವತ್ತಿಂದ ಇವತ್ತಿನ ತನಕ ಏನೂ ಇಲ್ಲ. ಅದಕ್ಕ ಹೇಳೂದು, ಬಾಕ್ಸ್ ಇಳಿಸೂ ಮೊದಲ ಪೆಡಲ್ ಕೆಳಗ ಒಂದಿಷ್ಟು ಬೆಳಕು ಹಿಡದು ನೋಡ್ರಿ.

ಟಾಪ್ ಗೇರ್:
ನನ್ನ ಅನುಭವದಲ್ಲಿ ಗೇರ್ ಆಯಿಲ್ ಬದಲಾಯಿಸಿ ಸ್ವಲ್ಪ ದಪ್ಪನೆಯದು ಹಾಕಿದ್ರೆ ಸರಿ ಹೋಗುತ್ತೆ. ಜಿಎಲ್-5 ಹಾಕಿ, ಅದು ಜಿಎಲ್-4ಗಿಂತ ಮೇಲಿನ ದರ್ಜೆ.

ಗ್ಯಾರೇಜ್ ಕೈ:
ಇದನ್ನ ಒಪ್ಪಲ್ಲ, ಬೇಜಾರು ಮಾಡ್ಕೋಬೇಡಿ ಸರ್. ನಂಬರ್ ದೊಡ್ಡದು ಅಂದ್ರೆ ಎಲ್ಲಾ ಕಡೆಗೂ ಒಳ್ಳೇದು ಅಂತಲ್ಲ. ಜಿಎಲ್-5ರಲ್ಲಿ ಭಾರೀ ಒತ್ತಡ ತಡೆಯೋ ರಾಸಾಯನಿಕ ಜಾಸ್ತಿ, ಎಂಜಿನ್ ಶಕ್ತೀನ ಎರಡು ಚಕ್ರಕ್ಕೆ ಹಂಚೋ ಡಿಫರೆನ್ಷಿಯಲ್ ಹಲ್ಲುಗಳಿಗೆ ಅದು ಬೇಕು. ಸಿಂಕ್ರೋ ರಿಂಗ್ ಕೆಲಸ ಮಾಡೋದೇ ಉಜ್ಜಾಟದಿಂದ, ಅಲ್ಲಿ ಜಾರಿಕೆ ಹೆಚ್ಚಾದ್ರೆ ರಿಂಗ್ ಹಿಡಿಯಲ್ಲ, ಹಿತ್ತಾಳೆ ರಿಂಗ್ ಆದ್ರೆ ಕೆಲವು ಆಯಿಲ್ ಅದನ್ನ ತಿನ್ನಲೂಬಹುದು. ಪುಸ್ತಕದಲ್ಲಿ ಏನು ಬರ್ದಿದೆಯೋ ಅದನ್ನೇ ಹಾಕ್ಬೇಕು. ಇನ್ನೊಂದು, ದಪ್ಪ ಆಯಿಲ್‌ನಿಂದ ಬರೋ ಗಟ್ಟಿತನ ಬೆಳಿಗ್ಗೆ ತಣ್ಣಗಿದ್ದಾಗ ಇದ್ದು ಬಿಸಿಯಾದ್ಮೇಲೆ ಕಮ್ಮಿ ಆಗುತ್ತೆ. ಇವರದ್ದು ಪೂರ್ತಿ ಉಲ್ಟಾ.

ಆಯಿಲ್ ಬದಲಾಯಿಸೋರು ಮೊದಲು ಮೇಲಿನ ತುಂಬೋ ಬೋಲ್ಟ್ ಬಿಚ್ಚಿ, ಅದು ಬಿಚ್ಚುತ್ತೆ ಅಂತ ಗೊತ್ತಾದ್ಮೇಲೆ ಕೆಳಗಿನದಕ್ಕೆ ಕೈ ಹಾಕಿ. ಕೆಳಗಿಂದ ಎಲ್ಲಾ ಸುರಿದು ಮೇಲಿನದು ತುಕ್ಕು ಹಿಡಿದು ಕೂತಿದ್ರೆ ಗಾಡಿ ಅಲ್ಲೇ.

ಹಳೇ ಗಾಡಿ:
ಅಣ್ಣಾ, ಭಾನುವಾರ ಇಡೀ ದಿನ ಕೂತೆ. ಪಕ್ಕದ ಮನೆಯವರ ಹತ್ರ ಡಯಲ್ ಗೇಜ್ ಸಿಕ್ತು. ನಂಬರ್ ಎಲ್ಲಾ ಹಾಕ್ತೀನಿ.

ಬಲಗಡೆ ಡಿಸ್ಕ್ ಓರೆ 0.04, ದಪ್ಪ ಎಂಟೂ ಕಡೆ ಸಮ. ಎಡಗಡೆ ಓರೆ 0.13! ದಪ್ಪ 16.91ರಿಂದ 16.88, ಅಂದ್ರೆ 0.03 ವ್ಯತ್ಯಾಸ, ತೆಳ್ಳಗಿರೋ ಜಾಗ ಸರಿಯಾಗಿ ಗೇಜ್ ಉಬ್ಬು ತೋರಿಸಿದ ಕಡೆಗೇ ಇತ್ತು, ನೀವು ಹೇಳಿದ್ದು ಹಾಗೆ ಹಾಗೇ. ಡಿಸ್ಕ್ ಕೀಳೋಕೆ ಹೋದ್ರೆ ಬರ್ಲಿಲ್ಲ, ಸುತ್ತಿಗೇಲಿ ಸುತ್ತಲೂ ಮೆಲ್ಲಗೆ ತಟ್ಟಿ ತಟ್ಟಿ ತೆಗೆದೆ. ಹಬ್ ಮುಖ ನೋಡಿದ್ರೆ ಹೊಟ್ಟೆ ಉರೀತು. ಒಂದು ಬೋಲ್ಟ್ ಬುಡದಲ್ಲಿ ಕಿರುಬೆರಳಿನ ಉಗುರಿನಷ್ಟು ಅಗಲದ ತುಕ್ಕಿನ ಪೊರೆ, ಮೇಲೆ ಹೊಳೀತಿತ್ತು, ಡಿಸ್ಕ್ ಒತ್ತಿ ಒತ್ತಿ ಪಾಲಿಶ್ ಆದಂಗೆ. ಡಿಸ್ಕಿನ ಹಿಂಬದೀಲೂ ಅದೇ ಜಾಗಕ್ಕೆ ಅಚ್ಚು ಬಿದ್ದಿದೆ. ಏಳು ತಿಂಗಳ ಹಿಂದೆ ಅದರ ಮೇಲೇ ಹೊಸ ಡಿಸ್ಕ್ ಕೂರಿಸಿ ಕಳ್ಸಿದಾರೆ. ಎರಡು ನಿಮಿಷ ವೈರ್ ಬ್ರಷ್ ಹಾಕಿದ್ರೆ ಮುಗೀತಿತ್ತು.

ವೈರ್ ಬ್ರಷ್, ಆಮೇಲೆ ಎಮ್ರಿ ಪೇಪರ್ ಹಾಕಿ ಬೋಲ್ಟ್ ಬುಡದ ಸುತ್ತ ಬೆರಳಾಡಿಸಿ ಏನೂ ಸಿಗದ ಹಾಗೆ ಉಜ್ಜಿದೆ. ಮತ್ತೆ ಅದೇ ಡಿಸ್ಕ್ ಕೂರಿಸಿ ಅಳೆದ್ರೆ 0.06. ಡಿಸ್ಕ್‌ನ ಒಂದು ತೂತು ಆಚೆಗೆ ತಿರುಗಿಸಿ ಹಾಕ್ದೆ, 0.03ಕ್ಕೆ ಬಂತು. ಕ್ಯಾಲಿಪರ್ ಕೆಳಗಿನ ಪಿನ್ ಒಣಗಿತ್ತು, ತೆಗೆದು ಒರೆಸಿ ಸಿಲಿಕೋನ್ ಗ್ರೀಸ್ ಹಾಕಿದೀನಿ.

ಪಾನಾ:
ಸೂಪರ್ ಗುರು. ಸಿಲಿಕೋನ್ ಗ್ರೀಸ್ ಹಾಕಿದ್ದು ಒಳ್ಳೇದಾಯ್ತು, ಸಾದಾ ಗ್ರೀಸ್ ಹಾಕಿದ್ರೆ ಪಿನ್ ರಬ್ಬರ್ ಉಬ್ಬಿ ಮತ್ತೆ ಹಿಡ್ಕೊಳ್ಳುತ್ತೆ. ಆದ್ರೆ ಓರೆ ಸರಿ ಮಾಡಿದ್ರೆ ಸಾಲದು, ದಪ್ಪದ ವ್ಯತ್ಯಾಸ ಡಿಸ್ಕಲ್ಲೇ ಉಳಿದಿದೆಯಲ್ಲ.

ಗ್ಯಾರೇಜ್ ಕೈ:
ಹೌದು, ಹಾಗೇ ಓಡಿಸಿದ್ರೆ ನಡುಕ ಇದ್ದೇ ಇರುತ್ತೆ. ಡಿಸ್ಕ್ ಅಂಚಲ್ಲಿ ಕನಿಷ್ಠ ದಪ್ಪ ಅಚ್ಚು ಹಾಕಿರ್ತಾರೆ, ಅದಕ್ಕಿಂತ ಮೇಲೇ ಉಳಿಯೋ ಹಾಗಿದ್ರೆ ಲೇತ್‌ಗೆ ಹಾಕ್ಸಿ ಎರಡೂ ಮುಖ ಫೇಸಿಂಗ್ ಮಾಡ್ಸು, ಅಂದ್ರೆ ಸಮವಾಗಿ ಕೊರೆಸು. ಎಡದ್ದು ಮಾಡಿಸಿದ್ರೆ ಬಲದ್ದೂ ಮಾಡ್ಸು, ಎರಡೂ ಕಡೆ ಹಿಡಿತ ಒಂದೇ ತರ ಇರ್ಬೇಕು. ಲೇತ್‌ನವರು ಡಿಸ್ಕ್ ಕೂರಿಸೋ ಮುಖ ಸ್ವಚ್ಛ ಮಾಡಿ ಹಾಕಿದ್ರೋ ಇಲ್ವೋ ನಿಂತು ನೋಡು, ಅಲ್ಲೂ ಅದೇ ತಪ್ಪು ಆದ್ರೆ ಓರೇನೇ ಕೊರೆದು ಕೊಡ್ತಾರೆ. ವಾಪಸ್ ಹಾಕುವಾಗ ವೀಲ್ ನಟ್ಟು ನಕ್ಷತ್ರದ ಹಾಗೆ ಎದುರುಬದುರು ಬಿಗಿ, ಟಾರ್ಕ್ ಪಾನಾದಲ್ಲೇ, ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ 90ರಿಂದ 110 ನ್ಯೂಟನ್ ಮೀಟರ್ ಇರುತ್ತೆ, ನಿಂದು ಪುಸ್ತಕದಲ್ಲಿ ನೋಡ್ಕೋ. ಗಾಳಿ ಗನ್ನಲ್ಲಿ ಒಂದೊಂದನ್ನ ಒಂದೊಂದು ಬಿಗಿತಕ್ಕೆ ಹೊಡೆದ್ರೆ ಇಷ್ಟು ಕಷ್ಟಪಟ್ಟಿದ್ದೆಲ್ಲ ನೀರಲ್ಲಿ ಹೋಮ.

ಆಮೇಲೆ ಪ್ಯಾಡ್ ಕೂರಿಸ್ಬೇಕು. ಖಾಲಿ ರಸ್ತೇಲಿ 60ರಿಂದ 10ರವರೆಗೆ ಮಧ್ಯಮ ಬ್ರೇಕ್, ಪೂರ್ತಿ ನಿಲ್ಲಿಸ್ಬೇಡ, ಎಂಟು ಹತ್ತು ಸಲ, ಮಧ್ಯೆ ಸ್ವಲ್ಪ ಓಡಿಸಿ ತಣ್ಣಗಾಗೋಕೆ ಬಿಡು. ಬಿಸಿ ಡಿಸ್ಕ್ ಮೇಲೆ ಬ್ರೇಕ್ ಒತ್ಕೊಂಡೇ ನಿಂತ್ರೆ ಪ್ಯಾಡಿನ ಅಚ್ಚು ಒಂದೇ ಜಾಗಕ್ಕೆ ಅಂಟುತ್ತೆ, ನಡುಕಕ್ಕೆ ಅದೂ ಒಂದು ಕಾರಣ.

ಕ್ಲಚ್ ನೋಡಿದ್ಯಾ?

ಹಳೇ ಗಾಡಿ:
ನೋಡ್ದೆ ಅಣ್ಣಾ. ಕೆಂಪು ಡಬ್ಬಿಯವರು ಹೇಳಿದ ಹಾಗೆ ತಂಗೀನ ಕೂರಿಸಿ ಒತ್ತಿಸಿದೆ, ಬ್ರಾಕೆಟ್ ಗಟ್ಟಿ ಇದೆ. ಗೇರ್‌ಬಾಕ್ಸ್ ಹತ್ರ ಕೇಬಲ್ ಅಡ್ಜಸ್ಟ್ ಮಾಡೋ ನಟ್ಟು ನೋಡಿದ್ರೆ ಥ್ರೆಡ್ ಕೊನೆಗೆ ಬಂದು ನಿಂತಿದೆ, ಇನ್ನು ಬಿಗಿಯೋಕೆ ಜಾಗಾನೇ ಇಲ್ಲ. ಬೆಳಿಗ್ಗೆ ತಣ್ಣಗಿದ್ದಾಗ ಫೋರ್ಕ್ ತುದಿ 27 ಮಿ.ಮೀ. ಸರೀತಿತ್ತು, ಚೆನ್ನಾಗಿ ಬಿಸಿ ಮಾಡಿ ಅಳೆದ್ರೆ 21. ಆರು ಮಿ.ಮೀ. ಎಲ್ಲಿ ಹೋಯ್ತು ಅಂತ ಕೇಬಲ್ ಹೊರಗೆ ತೆಗೆದೆ. ಸೈಲೆನ್ಸರ್ ಪೈಪ್ ಹತ್ರ ಹೋಗೋ ಕಡೆ ಹೊರಗಿನ ಹೊದಿಕೆ ಕರಗಿ ಕಪ್ಪಗಾಗಿದೆ, ಆ ಜಾಗ ಹಿಡಿದು ಬಾಗಿಸಿದ್ರೆ ಮೆತ್ತಗೆ ಮಡಚಿಕೊಳ್ಳುತ್ತೆ. ಒಳಗಿನ ತಂತಿ ಎಳೆದ್ರೆ ಅಲ್ಲಿ ತಡೆದು ತಡೆದು ಬರುತ್ತೆ. ಪೆಡಲ್ ಕೊಕ್ಕೆ ಕಡೆ ಐದು ಎಳೆ ಕಿತ್ತು ಮುಳ್ಳಿನ ಹಾಗೆ ನಿಂತಿದ್ವು, ಬೆರಳಿಗೆ ಚುಚ್ಚಿ ರಕ್ತ ಬಂತು.

ಗ್ಯಾರೇಜ್ ಕೈ:
ಸಿಕ್ತು ನೋಡು. ಬಿಸಿಗೆ ಹೊದಿಕೆ ಮೆತ್ತಗಾಗಿ ಕುಗ್ಗುತ್ತೆ, ಪೆಡಲ್ ಎಳೆದಿದ್ದೆಲ್ಲ ಅಲ್ಲೇ ಕರಗಿಹೋಗುತ್ತೆ. ಇನ್ನು ಅಡ್ಜಸ್ಟ್ ಮಾಡೋ ಮಾತೇ ಇಲ್ಲ, ಹೊಸ ಕೇಬಲ್ ಹಾಕು, ಮೊದಲಿನ ಕ್ಲಿಪ್‌ಗಳಲ್ಲೇ ಕೂರಿಸಿ ಪೈಪಿಂದ ದೂರ ಕಟ್ಟು. ಪೆಡಲ್ ಮೇಲ್ಗಡೆ ಪುಸ್ತಕದಲ್ಲಿ ಹೇಳಿರೋ ಅಷ್ಟು ಆಟ ಬಿಡ್ಲೇಬೇಕು. ಗೇರ್ ಚೆನ್ನಾಗಿ ಬೀಳ್ಲಿ ಅಂತ ಪೂರ್ತಿ ಬಿಗಿದ್ರೆ ಕ್ಲಚ್ ಬಿಡಿಸೋಕೆ ಒತ್ತೋ ರಿಲೀಸ್ ಬೇರಿಂಗ್ ಯಾವಾಗ್ಲೂ ಉಜ್ಜಿಕೊಂಡು ಬೇರಿಂಗೂ ಹೋಗುತ್ತೆ, ಪ್ಲೇಟೂ ಜಾರುತ್ತೆ.

ಮಳೆಗಾಲ:
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಂದು ಹೈಡ್ರಾಲಿಕ್ ಕ್ಲಚ್, ಒಂದು ಸಲ ಒತ್ತಿದ್ರೆ ಗೇರ್ ಬೀಳಲ್ಲ, ಮೂರ್ನಾಲ್ಕು ಸಲ ಪಂಪ್ ಮಾಡಿದ್ರೆ ಬೀಳುತ್ತೆ. ಇದೂ ಕ್ಲಚ್ಚೇನಾ?

ಗ್ಯಾರೇಜ್ ಕೈ:
ಪಂಪ್ ಮಾಡಿದ್ರೆ ಸರಿ ಹೋಗುತ್ತೆ ಅಂದ್ರೆ ಲೈನಲ್ಲಿ ಗಾಳಿ ಸೇರಿದೆ ಇಲ್ಲಾ ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೋರ್ತಿದೆ. ಪೆಡಲ್ ಕೆಳಗಿನ ಕಾರ್ಪೆಟ್ ಒದ್ದೆ ಇದೆಯಾ ನೋಡಿ, ಗೇರ್‌ಬಾಕ್ಸ್ ಕಡೆಯ ಸ್ಲೇವ್ ಸಿಲಿಂಡರ್ ರಬ್ಬರ್ ಎತ್ತಿ ಒಳಗೆ ತೇವ ಇದೆಯಾ ನೋಡಿ. ತುಂಬಾ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿಯಿಂದ ಬ್ರೇಕ್ ಆಯಿಲ್ ಹೋಗುತ್ತೆ, ಹಾಗಿದ್ರೆ ಮಟ್ಟ ಇಳೀತಿರೋದನ್ನ ಸಲೀಸಾಗಿ ತಗೋಬೇಡಿ. ಆಯಿಲ್ ಬದಲಾಯಿಸಿ ಎರಡು ವರ್ಷ ಆಗಿದ್ರೆ ಅದನ್ನೂ ಬದಲಾಯಿಸಿ, ಅದು ಗಾಳಿಯಿಂದ ನೀರು ಹೀರುತ್ತೆ.

ಹಳೇ ಗಾಡಿ:
ಹತ್ತು ದಿನ ಓಡಿಸಿ ಬರೀತಿದೀನಿ. ಎರಡೂ ಡಿಸ್ಕ್ ಲೇತಿಂದ 16.7ಕ್ಕೆ ಬಂದಿವೆ, ಅಂಚಲ್ಲಿ ಕನಿಷ್ಠ 15 ಅಂತಿದೆ. ಬಲಗಡೇನೂ ಡಿಸ್ಕ್ ಬಿಚ್ಚಿ ಹಬ್ ಮುಖ ಉಜ್ಜಿದೀನಿ. ಕೂರಿಸಿದ್ಮೇಲೆ ಓರೆ ಎಡ 0.03, ಬಲ 0.03. ಮೊನ್ನೆ ಅಪ್ಪನ್ನ ಪಕ್ಕ ಕೂರಿಸ್ಕೊಂಡು 100ಕ್ಕೆ ಹೋಗಿ ಬ್ರೇಕ್ ಹಿಡಿದೆ, ಸ್ಟೀರಿಂಗ್ ಮೇಲೆ ಎರಡು ಬೆರಳು ಇಟ್ಟಿದ್ದೆ ಅಷ್ಟೆ, ಒಂಚೂರೂ ಅಲ್ಲಾಡ್ಲಿಲ್ಲ. ಹೊಸ ಕೇಬಲ್ ಹಾಕಿದ್ಮೇಲೆ ಫೋರ್ಕ್ ತಣ್ಣಗೂ 28, ಬಿಸೀಗೂ 28. ರಿವರ್ಸ್ ಕಾಯ್ದು ಹಾಕಿದ್ರೆ ಸದ್ದೇ ಇಲ್ಲ.

ಓರೆ ಮತ್ತೆ ಬೆಳೆದಿದೆಯಾ ಅಂತ ಮೂರು ಸಾವಿರ ಕಿ.ಮೀ.ಗೆ ಒಂದ್ಸಲ ಗೇಜ್ ಇಟ್ಟು ನೋಡ್ತೀನಿ, ನಂಬರ್ ಇಲ್ಲೇ ಹಾಕ್ತೀನಿ. ಇನ್ನೊಂದು ಸಣ್ಣದು ಉಳಿದಿದೆ, ಬೆಳಿಗ್ಗೆ ಮೊದಲ ಒಂದೆರಡು ಕಿ.ಮೀ. ಸೆಕೆಂಡ್ ಗೇರ್ ಬೇಗ ಎಳೆದ್ರೆ ಒಂದು ಸಣ್ಣ ಕರ್ ಅನ್ನುತ್ತೆ, ನಿಧಾನ ಹಾಕಿದ್ರೆ ಇಲ್ಲ.

ಗ್ಯಾರೇಜ್ ಕೈ:
ಅದು ಸೆಕೆಂಡ್ ಸಿಂಕ್ರೋ ರಿಂಗ್ ಸವೆದಿರೋದು, 1,32,000ಕ್ಕೆ ಆಶ್ಚರ್ಯ ಇಲ್ಲ. ಪುಸ್ತಕದಲ್ಲಿರೋ ಆಯಿಲ್ ಹೊಸದು ಹಾಕು, ಬೆಳಿಗ್ಗೆ ಸೆಕೆಂಡ್‌ಗೆ ಒಂದು ಕ್ಷಣ ತಡೆದು ಹಾಕು. ಬಿಸಿಯಾದ್ಮೇಲೂ ಸದ್ದು ಬಂತು ಅಂದ್ರೆ ಅವಾಗ ಹೇಳು, ಬಾಕ್ಸ್ ಇಳಿಸೋ ಮಾತು ಅವಾಗ ಆಡೋಣ.